ಡಬ್ಬಿಯಲ್ಲಿ ಎರಡು ಕಿವಿಯಂತ್ರ

ಪಿಯಾನೋ ಕಲಿಸುವ ಎಮಿಲ್ಡಾ ಟೀಚರ್ ಬಳಿ ಹಳೆಯ ಕಿವಿಯಂತ್ರವೊಂದಿತ್ತು. ಏಳು ವರ್ಷ ಅವರ ಕಿವಿಯಲ್ಲಿ ಕೂತು, ಮೀನಿನವಳ ಕೂಗಿನಿಂದ ಪಾದ್ರಿಗಳ ಪ್ರಸಂಗದವರೆಗೆ ಎಲ್ಲವನ್ನೂ ತಿದ್ದಿ ತೀಡಿ ಮುಟ್ಟಿಸಿತ್ತು. ಆದರೆ ಪಿಯಾನೋದಿಂದ ಉದ್ದನೆಯ ಸ್ವರ ಹೊರಟರೆ ಸಾಕು, ಇದು ಕಿವಿಯಂತ್ರಗಳು ತಾವೇ ಕೀರಲು ಹೊರಡಿಸಿ ಹೆಸರು ಕೆಡಿಸಿಕೊಳ್ಳುವ ಸಿಳ್ಳೆಯೇ ಎಂದು ಎಗರಿಬಿದ್ದು ಅದರ ಕತ್ತು ಹಿಸುಕುತ್ತಿತ್ತು. "ಪಿಯಾನೋ ನೀರಿನಲ್ಲಿ ಮುಳುಗಿದ ಹಾಗಿದೆ" ಎಂದು ಕೊರಗಿ ಕೊರಗಿ ಟೀಚರ್ ಕೊನೆಗೆ ಹೊಸ ಯಂತ್ರ ತಂದರು. ಹಳೆಯದು ಪಿಯಾನೋ ಮೇಲಿನ ಡಬ್ಬಿ ಸೇರಿತು.

ಹೊಸದನ್ನು ಹಾಕಿಕೊಂಡು ಟೀಚರ್ ಒಂದು ಸ್ವರ ಒತ್ತಿದರು. ಅದು ತಾನಾಗಿ ಆರುವವರೆಗೂ ಬೆರಳೆತ್ತಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ನುಡಿಸಿದರು. ಡಬ್ಬಿಯೊಳಗೆ ಹಳೆಯದರ ಹೊಟ್ಟೆ ಉರಿದು ಹೋಯಿತು.

ಆಮೇಲೆ ಸ್ನಾನಕ್ಕೆ ಹೋದ ಟೀಚರ್, ತಲೆಗೆ ನೀರು ಹೊಯ್ಯುವ ಹೊತ್ತಿಗೆ ಯಂತ್ರ ಕಿವಿಯಲ್ಲೇ ಇರುವುದು ನೆನಪಾಗಿ ಓಡಿಬಂದು ಹೊಸದನ್ನೂ ಅದೇ ಡಬ್ಬಿಗೆ ಹಾಕಿದರು.

"ಆ ಸ್ವರಕ್ಕೆ ಏನು ಮಾಡಿದೆ? ಹೇಳು!" ಎಂದಿತು ಹಳೆಯದು.

"ಏನೂ ಮಾಡಲಿಲ್ಲ, ಅಣ್ಣಾ. ದಾರಿ ಬಿಟ್ಟು ನಿಂತೆ."

"ಏಳು ವರ್ಷ ದುಡಿದವನು ನಾನು. ಏನೂ ಮಾಡದ ನಿನಗೆ ಈ ಮರ್ಯಾದೆಯೇ?"

"ನನಗೇನು ಮರ್ಯಾದೆ? ನಾನು ಇದ್ದೇನೆಂಬುದೇ ಅವರಿಗೆ ಮರೆತುಹೋಗಿತ್ತು."

ಹಳೆಯದಕ್ಕೆ ಹಾಲು ಕುಡಿದಷ್ಟು ಸಂತೋಷವಾಯಿತು. "ನೋಡಿದೆಯಾ! ಏಳು ವರ್ಷದಲ್ಲಿ ಒಂದು ಕ್ಷಣವೂ ಅವರು ನನ್ನನ್ನು ಮರೆತವರಲ್ಲ" ಎಂದು ಗಟ್ಟಿಯಾಗಿ ಹೇಳಿತು. ಹೇಳಿದ್ದು ತನಗೇ ಸ್ಪಷ್ಟವಾಗಿ ಕೇಳಿಸಿದಾಗ ಬಾಯಿ ಮುಚ್ಚಿಕೊಂಡಿತು.