ಗೆಳೆಯನಿಗೆ ಬೇಕಾದ ಅಚ್ಚು

"ಮಾವ, ಜಗಳವಾದ ಮೇಲೆ ಮೊದಲು ಮಾತಾಡಿದವರು ಸಣ್ಣವರಾಗುವುದಿಲ್ಲವೇ?" ಎಂದು ದೇಚಮ್ಮ ಕೇಳಿದಳು.

ದೇಚಮ್ಮ ನನ್ನಲ್ಲಿ ಕೋವಿ ವಿದ್ಯೆ ಕಲಿಯುವವಳು. ನನ್ನಲ್ಲಿ ಕಲಿತವರು ಕಣ್ಣು ಮುಚ್ಚಿ ಹೊಡೆದರೂ ತೆಂಗಿನಕಾಯಿ ತಾನಾಗಿ ಗುಂಡಿನ ದಾರಿಗೆ ಬರುತ್ತದೆ. ಇದು ನಾನು ಹೇಳಿಕೊಳ್ಳುವ ಮಾತಲ್ಲ. ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ. ಹೋದ ವರ್ಷ, ನಾವು ಕೋವಿಗೆ ಪೂಜೆ ಮಾಡುವ ಕೈಲ್ ಪೊಳ್ದ್ ಹಬ್ಬದಲ್ಲಿ ಅವಳೂ ಅವಳ ಅಕ್ಕನೂ ಜೋಡಿಯಾಗಿ ಪಂದ್ಯಕ್ಕೆ ನಿಂತಿದ್ದರು. ಇಬ್ಬರೂ ಒಂದೇ ಗಳಿಗೆಯಲ್ಲಿ ಹೊಡೆದರು. ಮರದ ತುದಿಗೆ ಕಟ್ಟಿದ್ದ ಕಾಯಿ ಒಡೆದು ಬಿತ್ತು. ಬಹುಮಾನ ಬಂತು. ಬಿದ್ದದ್ದು ಯಾರ ಗುಂಡಿಗೆ ಎಂಬ ವಿಷಯದಲ್ಲಿ ಅಕ್ಕತಂಗಿಯರು ಮಾತು ಬಿಟ್ಟರು. ಈಗ ಮತ್ತೆ ಹಬ್ಬ ಬಂದಿದೆ. ಜೋಡಿ ಪಂದ್ಯಕ್ಕೆ ಒಬ್ಬರೇ ಹೆಸರು ಕೊಡಲು ಬರುವುದಿಲ್ಲ.

ನಾನು ಹೇಳಿದೆ: "ಒಂದು ಕತೆ ಹೇಳುತ್ತೇನೆ. ಕಾವೇರಮ್ಮನ ಆಣೆ, ಇದರ ಒಂದೊಂದು ಮಾತೂ ಸತ್ಯ. ಹೆಚ್ಚಿನದನ್ನು ಕಣ್ಣಾರೆ ಕಂಡಿದ್ದೇನೆ. ಕಾಣದ್ದನ್ನು, ಕಂಡವರಿಗಿಂತ ಚೆನ್ನಾಗಿ ಬಲ್ಲೆ."

ಒಬ್ಬ ರೈತನಿದ್ದ. ಅವನ ಮನೆಯಲ್ಲಿ ಒಂದು ಹಳೆಯ ಕೋವಿಯಿತ್ತು. ಕೋವಿಯ ಜೊತೆಗೆ, ತೋಟಾ ತುಂಬುವ ಒಂದು ಹಳೆಯ ಯಂತ್ರವೂ ಇತ್ತು. ಹೊಡೆದು ಖಾಲಿಯಾದ ತೋಟಾವನ್ನು ಅದರಲ್ಲಿ ನಿಲ್ಲಿಸಿ, ಮದ್ದು ಮತ್ತು ಚರೆ ತುಂಬಿ ಹಿಡಿ ಎಳೆದರೆ, ಮೇಲಿನಿಂದ ಒಂದು ಅಚ್ಚು ಇಳಿದು ಬಂದು ತೋಟಾದ ಬಾಯಿಯನ್ನು ಮಡಚಿ ಮುಚ್ಚುತ್ತಿತ್ತು. ವೀಳ್ಯ ಮಡಚಿದಷ್ಟು ಅಂದವಾಗಿ ಮುಚ್ಚುತ್ತಿತ್ತು. ಕೋವಿ ಎಷ್ಟು ಹಳೆಯದೆಂದರೆ, ಪೇಟೆಯ ಹೊಸ ತೋಟಾ ಅದಕ್ಕೆ ಉದ್ದವಾಗುತ್ತಿತ್ತು. ಆದ್ದರಿಂದ ಆ ಕೋವಿ ಆ ಯಂತ್ರದ ಕೈತುತ್ತನ್ನಷ್ಟೇ ಉಣ್ಣುತ್ತಿತ್ತು.

ಒಂದು ದಿನ ಅಚ್ಚು ಸೀಳಿತು.

ರೈತ ಯಾರಿಗೂ ಹೇಳಲಿಲ್ಲ. ಅದು ಅಪ್ಪನ ಕಾಲದ ಯಂತ್ರ. ಸಂತೆಯಲ್ಲಿ, ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲೂ ಅದನ್ನು ಹೊಗಳಿ ಬಂದವನು ಅವನು. ಮನೆಯವರಿಗೆ ಅನುಮಾನ ಬಾರದಿರಲೆಂದು ಆಗಾಗ ಹಿಂದಿನ ಕೋಣೆಗೆ ಹೋಗಿ, ಖಾಲಿ ಯಂತ್ರದ ಹಿಡಿಯನ್ನು ಎಳೆದೆಳೆದು ಸದ್ದು ಮಾಡುತ್ತಿದ್ದ. ಹೆಂಡತಿ ಅಡುಗೆ ಮನೆಯಿಂದಲೇ ಅದನ್ನು ಕೇಳಿ, ಎಷ್ಟು ದುಡಿಯುತ್ತಾರೆ ಎಂದು ಮರುಗುತ್ತಿದ್ದಳು.

ಮುಚ್ಚಿಡಲು ಇನ್ನೊಂದು ಕಾರಣವೂ ಇತ್ತು. ಅವನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನಮ್ಮ ಕಡೆ ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹೊಡೆದು ಊರಿಗೆ ತಿಳಿಸುವುದು ಪದ್ಧತಿ. ಈ ರೈತ, ಹೆಣ್ಣಾದರೂ ಹೊಡೆಯುತ್ತೇನೆ, ಬೆಟ್ಟದ ಆಚೆಗೂ ಕೇಳಿಸುತ್ತೇನೆ ಎಂದು ಮೊದಲೇ ಸಾರಿಬಿಟ್ಟಿದ್ದ. ಕೆಲವರು ಮೆಚ್ಚಿದ್ದರು. ಕೆಲವರು, ಹೊಡೆದ ಮೇಲೆ ನೋಡೋಣ ಎಂದಿದ್ದರು. ಆದರೆ ಅವನ ಬಳಿ ತುಂಬಿದ ತೋಟಾ ಒಂದೂ ಉಳಿದಿರಲಿಲ್ಲ. ಪಕ್ಕದ ಮನೆಯ ಕೋವಿಯನ್ನು ಎರವಲು ತರಬಹುದಿತ್ತು. ಆದರೆ ಊರಿನ ಒಂದೊಂದು ಕೋವಿಯ ದನಿಯೂ ಊರಿಗೆ ಗುರುತು. ಪಕ್ಕದ ಮನೆಯ ಕೋವಿ ಕೂಗಿದರೆ ಮಗು ಪಕ್ಕದ ಮನೆಯಲ್ಲಿ ಹುಟ್ಟಿತೆಂದು ತಿಳಿದು ಜನ ಬೆಲ್ಲ ಹಿಡಿದುಕೊಂಡು ಅಲ್ಲಿಗೇ ಹೋಗುತ್ತಿದ್ದರು. ಆ ಮನೆಯಲ್ಲಿದ್ದ ಹೆಂಗಸೆಂದರೆ ಒಬ್ಬಳೇ ಅಜ್ಜಿ, ಅವಳಿಗೆ ತೊಂಬತ್ತು ದಾಟಿತ್ತು. ಅವಳ ಮರ್ಯಾದೆಯನ್ನೂ ನೋಡಬೇಕಲ್ಲ.

ರೈತ ಅಚ್ಚು ಹುಡುಕಲು ಹೊರಟ.

ಮೈಸೂರಿನಲ್ಲಿ ಕೋವಿ ಮಾರುವವನೊಬ್ಬ ಸೀಳಿದ ಅಚ್ಚನ್ನು ತಿರುಗಿಸಿ ನೋಡಿ, ಇದನ್ನು ಮಾಡಿದವರು ಮೇಲಕ್ಕೆ ಹೋಗಿ ಬಹಳ ಕಾಲವಾಯಿತು, ಅಲ್ಲಿ ವಿಚಾರಿಸಿದರೆ ಸಿಗಬಹುದು, ಆದರೆ ತರುವುದು ಕಷ್ಟ ಎಂದ. ನಿವೃತ್ತ ಸುಬೇದಾರನೊಬ್ಬ ಅಚ್ಚನ್ನು ಅಂಗೈಯಲ್ಲಿ ಇಟ್ಟುಕೊಂಡು ತಾನು ಮಾಡಿದ ಯುದ್ಧವನ್ನೆಲ್ಲ ಮೊದಲಿನಿಂದ ಹೇಳಿದ. ಯುದ್ಧ ಮುಗಿದ ಮೇಲೆ, ಇಂಥದ್ದನ್ನು ಎಲ್ಲೂ ಕಂಡಿಲ್ಲ ಎಂದು ವಾಪಸು ಕೊಟ್ಟ. ಗುಜರಿಯವನು ಹೊಲಿಗೆ ಯಂತ್ರದ ಒಂದು ತುಂಡು ಕೊಟ್ಟು, ಇದೂ ಯಂತ್ರದ್ದೇ ಅಲ್ಲವೇ ಎಂದು ಸಮಾಧಾನ ಹೇಳಿದ.

ಲೇತಿನವನು ಮಾತ್ರ ಧೈರ್ಯ ಮಾಡಿದ. ಸೀಳಿದ ಅಚ್ಚನ್ನೇ ಮಾದರಿಯಾಗಿ ಇಟ್ಟುಕೊಂಡು, ಕೂದಲೆಳೆಯಷ್ಟೂ ತಪ್ಪದೆ ಹೊಸ ಅಚ್ಚು ಕಡೆದುಕೊಟ್ಟ. ಆದರೆ ಸೀಳಿದ ಅಚ್ಚು ಆಗಲೇ ಅಗಲವಾಗಿತ್ತು. ಹಳೆಯ ತಪ್ಪು ಹೊಸ ಉಕ್ಕಿನಲ್ಲಿ ಬಂತು. ತೋಟಾದ ಬಾಯಿ ಮುಚ್ಚಲಿಲ್ಲ. ರೈತ ಅದನ್ನು ಹಿಡಿದು ಮನೆಯಿಂದ ಕೊಟ್ಟಿಗೆಗೆ ಹೋಗುವಷ್ಟರಲ್ಲಿ ಚರೆಯೆಲ್ಲ ಸಾಸಿವೆಯಂತೆ ಉದುರಿತು. ಹಿಂದೆ ಬಂದ ಕೋಳಿ ಅದನ್ನು ಕಾಳೆಂದು ನುಂಗಿತು. ಆಮೇಲೆ ಆ ಕೋಳಿ ಕೆಮ್ಮಿದರೆ ಮರದ ಮೇಲಿನ ಕಾಗೆ ಕೆಳಗೆ ಬೀಳುತ್ತಿತ್ತು. ನಾನೇ ನೋಡಿದ್ದೇನೆ.

"ಮಾವ, ಆಣೆ ಹಾಕಿದ್ದೀರಿ," ಎಂದಳು ದೇಚಮ್ಮ.

"ಕೋಳಿಯನ್ನು ನೋಡಿದ್ದೇನೆ," ಎಂದೆ. "ಕಾಗೆಯನ್ನು ನೋಡಿದ್ದೇನೆಂದು ಯಾವಾಗ ಹೇಳಿದೆ?"

ಹೊಳೆಯ ಆಚೆಯ ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಮೆಣಸು, ಏಲಕ್ಕಿ ಕೊಳ್ಳುವವನು. ಅವನ ಬಳಿಯೂ ಅದೇ ಜಾತಿಯ, ಅದೇ ಕಾಲದ ಯಂತ್ರವಿದೆ ಎಂದು ರೈತನಿಗೆ ಯಾರೋ ಹೇಳಿದರು. ರೈತ ಮರುದಿನವೇ ಹೊರಟ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಕೇಳಬೇಕು, ಆದರೆ ಕೇಳಿದಂತೆ ಆಗಬಾರದು.

"ನನ್ನ ಯಂತ್ರ ಗಡಿಯಾರ ಇದ್ದಂತೆ ಇದೆ, ಸಾಹುಕಾರರೇ," ಎಂದ. "ಆದರೆ ನನ್ನ ಗೆಳೆಯನೊಬ್ಬನಿದ್ದಾನೆ. ಪಾಪ, ಅವನ ಯಂತ್ರದ ಅಚ್ಚು ಸೀಳಿದೆ. ನಿಮ್ಮ ಹಳೆಯ ಸಾಮಾನಿನಲ್ಲಿ ಎಲ್ಲಾದರೂ ಬಿದ್ದಿದ್ದರೆ ಅವನಿಗೆ ಆಗುತ್ತಿತ್ತು."

ವರ್ತಕ ಕಾಫಿ ತರಿಸಿದ.

"ನನ್ನದೂ ಚೆನ್ನಾಗಿಯೇ ಓಡುತ್ತಿದೆ ಮಾರಾಯರೇ," ಎಂದ. "ಓಡುವ ಯಂತ್ರದ ಅಚ್ಚು ಬಿಚ್ಚುವುದು ಹೇಗೆ? ಆದರೆ ನೋಡಿ, ನನಗೂ ಒಬ್ಬ ಗೆಳೆಯನಿದ್ದಾನೆ. ಅವನದರ ಹಿಡಿಯ ಕೊಂಡಿ ತುಂಡಾಗಿದೆ. ನಿಮ್ಮಲ್ಲಿ ಹೆಚ್ಚಿನದು ಇದೆಯೇ?"

"ಓಡುವ ಯಂತ್ರದ ಕೊಂಡಿ ಹೇಗೆ ಬಿಚ್ಚಲಿ?"

"ಅದೇ ನಾನು ಹೇಳಿದ್ದು," ಎಂದ ವರ್ತಕ.

ಇಬ್ಬರೂ ಕಾಫಿ ಕುಡಿದರು. ಗೋಡೆಯ ಆಚೆ, ಒಳಗಿನ ಕೋಣೆಯಲ್ಲಿ, ವರ್ತಕನ ಯಂತ್ರ ಕೊಂಡಿ ಮುರಿದುಕೊಂಡು ಗೋಣಿ ಹೊದ್ದು ಕೂತಿತ್ತು. ಅದರ ಅಚ್ಚು ನಿನ್ನೆ ಮಾಡಿದಂತೆ ಹೊಳೆಯುತ್ತಿತ್ತು. ರೈತನ ಯಂತ್ರಕ್ಕೂ ಒಂದು ಗೋಣಿ ಹೊದಿಸಿತ್ತು. ಅದರ ಕೊಂಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ವರ್ತಕ ಒಂದು ಕಾಲದಲ್ಲಿ ಪಂದ್ಯಗಳಲ್ಲಿ ಹೆಸರು ಮಾಡಿದವನು. ಅವನ ಹಳೆಯ ಕೋವಿಗೂ ಪೇಟೆಯ ಹೊಸ ತೋಟಾ ಹಿಡಿಸುತ್ತಿರಲಿಲ್ಲ. ಕೊಂಡಿ ಮುರಿದ ಮೇಲೆ, ಕಣ್ಣು ಮಂಜಾಗಿದೆ ಎಂದು ಹೇಳಿಕೊಂಡು ಪಂದ್ಯಕ್ಕೆ ಹೋಗುವುದನ್ನೇ ಬಿಟ್ಟಿದ್ದ. ಆ ಮಂಜು ಕಣ್ಣಿನಿಂದಲೇ ಮೆಣಸಿನ ರಾಶಿಯಲ್ಲಿ ಪಪ್ಪಾಯಿ ಬೀಜ ಹೆಕ್ಕುತ್ತಿದ್ದ.

ಅಂದಿನಿಂದ ಇಬ್ಬರಿಗೂ ಬಳಕೆ ಬೆಳೆಯಿತು. ಸಂತೆಯ ದಿನ ರೈತ ಅಂಗಡಿಗೆ ಹೋಗುತ್ತಿದ್ದ. ಮೆಣಸು ನೋಡುವ ನೆಪದಲ್ಲಿ ವರ್ತಕ ರೈತನ ಮನೆಗೆ ಬರುತ್ತಿದ್ದ. ಒಬ್ಬರಿಗೊಬ್ಬರು ಮೊದಲು ಗೆಳೆಯನ ಕ್ಷೇಮ ವಿಚಾರಿಸುತ್ತಿದ್ದರು. ವಿಚಾರಿಸಿದ ಮೇಲೆ ಏನಾದರೂ ಹೇಳಬೇಕಲ್ಲ. ರೈತ ತನ್ನ ಗೆಳೆಯನಿಗೆ ಒಂದು ಹೆಸರಿಟ್ಟ. ಹೆಸರಿಟ್ಟ ಮೇಲೆ ಮದುವೆಯನ್ನೂ ಮಾಡಿಸಬೇಕಾಯಿತು. ವರ್ತಕ ತನ್ನ ಗೆಳೆಯನಿಗೆ ಮಂಡಿನೋವು ತರಿಸಿದ. ರೈತ ಆ ಮಂಡಿಗೆಂದು ಮನೆಯಲ್ಲಿ ಎಣ್ಣೆ ಕಾಯಿಸಿ ಕಳುಹಿಸಿದ. ವರ್ತಕ ಆ ಮದುವೆಗೆಂದು ಬಾಳೆಗೊನೆ ಕಳುಹಿಸಿದ. ರೈತ ಬಾಳೆಹಣ್ಣು ತಿಂದ. ವರ್ತಕ ಎಣ್ಣೆಯನ್ನು ತನ್ನ ಮಂಡಿಗೇ ಹಚ್ಚಿಕೊಂಡ. ನೋವು ಅವನದೇ ಆಗಿದ್ದರಿಂದ ಬೇಗ ವಾಸಿಯಾಯಿತು.

ನಿಮ್ಮ ಯಂತ್ರದಲ್ಲಿ ತುಂಬಿದ ತೋಟಾ ಒಂದು ತೋರಿಸಿ ಎಂದು ಒಬ್ಬ ಕೇಳಿದರೆ, ಈಗಷ್ಟೇ ತುಂಬಿದ್ದು, ಬಿಸಿಲಿಗೆ ಇಟ್ಟಿದ್ದೇನೆ ಎಂದು ಇನ್ನೊಬ್ಬ ಹೇಳುತ್ತಿದ್ದ. ಮದ್ದು ತುಂಬಿದ ತೋಟಾವನ್ನು ಬಿಸಿಲಿಗೆ ಇಡುವವನು ಭೂಮಿಯ ಮೇಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೆ ಕೇಳಿದವನೂ ನಾಳೆ ಅದೇ ಉತ್ತರ ಕೊಡಬೇಕಾದವನು. ಆದ್ದರಿಂದ, ಒಳ್ಳೆಯ ಬಿಸಿಲಿದೆ ಎಂದು ತಲೆಯಾಡಿಸುತ್ತಿದ್ದ.

ಹೀಗೆ ಮಗಳಿಗೆ ದಿನ ತುಂಬಿತು.

ಒಂದು ಬೆಳಿಗ್ಗೆ ನೋವು ಕಾಣಿಸಿಕೊಂಡಿತು. ಸೂಲಗಿತ್ತಿ ಬಂದಳು. ಸಂಜೆಯೊಳಗೆ ಆಗುತ್ತದೆ, ಕೋವಿ ಸಿದ್ಧ ಮಾಡಿಕೊಳ್ಳಿ ಎಂದು ಹೇಳಿ ಒಳಗೆ ಹೋದಳು. ರೈತನ ಹೆಂಡತಿ ಕೋವಿಯನ್ನು ಗೋಡೆಯಿಂದ ಇಳಿಸಿ, ಒರೆಸಿ, ಜಗಲಿಯ ಮೇಲೆ ಇಟ್ಟಳು. ಒಳಗಿನಿಂದ ಮಗಳ ದನಿ ಕೇಳಿಸಿತು.

"ಅಪ್ಪ, ಹೆಣ್ಣಾದರೂ ಹೊಡೆಯುತ್ತೀರಲ್ಲ?"

ರೈತ ಹೂಂ ಎಂದ. ಹೂಂ ಎಂದವನು ಹಿಂದಿನ ಕೋಣೆಗೆ ಹೋದ. ಯಂತ್ರವನ್ನು ಗೋಣಿಚೀಲದಲ್ಲಿ ತುಂಬಿದ. ಹೆಗಲಿಗೆ ಏರಿಸಿಕೊಂಡು, ತೂಗುಸೇತುವೆ ದಾಟಿ, ಪೇಟೆಯ ದಾರಿ ಹಿಡಿದ.

ವರ್ತಕ ಅಂಗಡಿಯ ಬೀಗ ತೆಗೆಯುತ್ತಿದ್ದ. ರೈತ ಚೀಲವನ್ನು ಕಟ್ಟೆಯ ಮೇಲೆ ಇಳಿಸಿದ. ತಾನೇ ಹೆಸರಿಟ್ಟು, ಮದುವೆ ಮಾಡಿಸಿ, ಆ ಮದುವೆಯ ಬಾಳೆಹಣ್ಣನ್ನೂ ತಿಂದ ಮೇಲೆ, ಗೆಳೆಯನನ್ನು ಇಲ್ಲವೆನ್ನುವುದು ಸುಲಭವಲ್ಲ.

"ಸಾಹುಕಾರರೇ," ಎಂದ. "ನನ್ನ ಗೆಳೆಯ ತೀರಿಕೊಂಡ."

ವರ್ತಕ ಚೀಲವನ್ನು ನೋಡಿದ. ಗೋಣಿಯ ತೂತಿನಿಂದ ಯಂತ್ರದ ಹಿಡಿ ಹೊರಗೆ ಬಂದಿತ್ತು. ರೈತನ ಮುಖ ನೋಡಿದ. ಕೈಯಲ್ಲಿದ್ದ ಬೀಗವನ್ನು ಕೆಳಗಿಟ್ಟ.

"ಎಂಥ ದಿನ ಮಾರಾಯರೇ," ಎಂದ. "ನನ್ನವನೂ ಈಗಷ್ಟೇ ಹೋದ."

"ಮಂಡಿ ವಾಸಿಯಾಗಿತ್ತಲ್ಲ?"

"ಮಂಡಿ ಚೆನ್ನಾಗಿದೆ. ಒಳಗೆ ಬನ್ನಿ."

ಎರಡು ಯಂತ್ರಗಳನ್ನೂ ಒಂದೇ ಮೇಜಿನ ಮೇಲೆ ಇಟ್ಟರು. ವರ್ತಕನ ಯಂತ್ರದಿಂದ ಅಚ್ಚು ಬಿಚ್ಚಿ ರೈತನ ಯಂತ್ರಕ್ಕೆ ಹಾಕಿದರು. ಅಷ್ಟೇ ಕೆಲಸ. ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ವರ್ತಕ ತೋಟಾ ತುಂಬಿದ. ರೈತ ಹಿಡಿ ಎಳೆದ. ತೋಟಾದ ಬಾಯಿ ಮಡಚಿಕೊಂಡಿತು. ರೈತ ಅದನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದ. ಒಂದು ಚರೆಯೂ ಬೀಳಲಿಲ್ಲ. ವರ್ತಕ ಕಣ್ಣು ಒರೆಸಿಕೊಂಡು, ತೀರಿಹೋದವನ ನೆನಪಾಯಿತು ಎಂದ.

ಇಬ್ಬರೂ ಓಡಿದರು. ವರ್ತಕನೇ ಮುಂದಿದ್ದ. ಅಂಗಳ ತಲುಪುವಾಗ ಒಳಗೆ ಮಗು ಅತ್ತಿತು. ಸೂಲಗಿತ್ತಿ ಬಾಗಿಲಿಗೆ ಬಂದು, ಹೆಣ್ಣು ಎಂದಳು. ರೈತ ಕೋವಿ ಎತ್ತಿ ಆಕಾಶಕ್ಕೆ ಹೊಡೆದ. ಬೆಟ್ಟದ ಆಚೆಯ ಊರಿನವರು, ತಮ್ಮಲ್ಲೇ ಯಾರೋ ಹೆತ್ತಿದ್ದಾರೆಂದು ತಿಳಿದು ಮನೆಮನೆಯಲ್ಲಿ ಮಗು ಹುಡುಕಿದರಂತೆ. ಒಳಗೆ ಮಗಳು ಮಾತ್ರ ಬೆಚ್ಚಲಿಲ್ಲ. ಕೂಸಿನ ಕಿವಿಯ ಬಳಿ, ನಿನ್ನ ಅಜ್ಜ ಎಂದಳು.

ಆ ಯಂತ್ರ ಈಗಲೂ ಇದೆ. ಮಳೆಗಾಲದಲ್ಲಿ ರೈತನ ಮನೆಯಲ್ಲಿರುತ್ತದೆ. ಮಳೆ ಬಿಟ್ಟ ಮೇಲೆ ವರ್ತಕನ ಅಂಗಡಿಗೆ ಹೋಗುತ್ತದೆ. ರೈತನನ್ನು ಕೇಳಿದರೆ, ಯಂತ್ರ ನನ್ನದು, ಅಚ್ಚು ಮಾತ್ರ ಅವರದು ಎನ್ನುತ್ತಾನೆ. ವರ್ತಕನನ್ನು ಕೇಳಿದರೆ, ಅಚ್ಚಿಲ್ಲದ್ದನ್ನು ಯಾರಾದರೂ ಯಂತ್ರ ಎನ್ನುತ್ತಾರೆಯೇ ಎನ್ನುತ್ತಾನೆ. ವರ್ತಕನ ಕಣ್ಣಿನ ಮಂಜು ಹರಿದು, ಅವನು ಮತ್ತೆ ಪಂದ್ಯಕ್ಕೆ ಬರುತ್ತಿದ್ದಾನೆ. ತೀರಿಹೋದ ಇಬ್ಬರು ಗೆಳೆಯರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಇಬ್ಬರೂ ಸೇರಿ ಊಟ ಹಾಕುತ್ತಾರೆ. ನಾನು ತಪ್ಪದೆ ಹೋಗುತ್ತೇನೆ. ಹಂದಿ ಸಾರು, ಜೊತೆಗೆ ಅಕ್ಕಿತರಿಯ ಉಂಡೆ ಕಡಂಬುಟ್ಟು. ಹುಟ್ಟದೆ ಇದ್ದವರ ತಿಥಿಯಲ್ಲಿ ಅಷ್ಟು ಒಳ್ಳೆಯ ಊಟ ಬೇರೆಲ್ಲೂ ಸಿಗುವುದಿಲ್ಲ.

ಕತೆ ಮುಗಿಯಿತು. ದೇಚಮ್ಮ ಕೋವಿಯ ನಳಿಗೆಯನ್ನು ಒರೆಸುತ್ತಾ ಕೂತಿದ್ದಳು.

"ಅಂದರೆ ರೈತ ಮೊದಲು ಬಾಯಿ ತೆರೆದ, ಅದರಿಂದ ಅವನೇನೂ ಸಣ್ಣವನಾಗಲಿಲ್ಲ," ಎಂದಳು. "ನಾನೂ ಅಕ್ಕನ ಮನೆಗೆ ಹೋಗಬೇಕು ಎನ್ನುತ್ತೀರಿ. ಹೋಗಬಹುದು ಮಾವ. ಆದರೆ ಆಮೇಲೆ ಬದುಕಿರುವವರೆಗೂ ಅವಳು, ನೀನೇ ಅಲ್ಲವಾ ಮೊದಲು ಬಂದದ್ದು ಎಂದು ಆಡಿಕೊಳ್ಳುವುದಿಲ್ಲವೇ?"

ನಾನು ಹೇಳಿದೆ: "ಕತೆಯಲ್ಲಿ ಒಂದು ಸಣ್ಣ ವಿಷಯ ಮಾತ್ರ ನಾನು ಕಟ್ಟಿದ್ದು ಮಗಳೇ, ರೈತನೇ ಮೊದಲು ಮಾತಾಡಿದ ಎಂಬುದು, ಯಾರು ಮೊದಲು ಎಂದು ಈಗ ಕೇಳಿದರೆ ಅವರಿಬ್ಬರಿಗೂ ನೆನಪಿಲ್ಲ."