ಹಿಂದೆ ಹೆಜ್ಜೆ ಇಡದ ಏಡಿಗಳು

ಲೋಕಕ್ಕೆ ಇನ್ನೂ ಹೊಸ ಬಟ್ಟೆಯ ವಾಸನೆ ಇದ್ದ ಕಾಲ, ಐರಿನ್. ಕಡಲಿಗೆ ಅಲೆ ಎಬ್ಬಿಸುವುದು ಆಗಷ್ಟೇ ರೂಢಿಯಾಗಿತ್ತು. ಧೊಪ್, ಸರ್, ಸರ್. ಧೊಪ್, ಸರ್, ಸರ್. ಒಂದು ಭಾರ, ಎರಡು ಹಗುರ.

"ಇಷ್ಟು ಚಂದದ ತಾಳ ಸುಮ್ಮನೆ ಹಾಳಾಗಬಾರದು" ಎಂದಿತು ಕಡಲು. ದಡದ ಜೀವಿಗಳನ್ನೆಲ್ಲ ಕರೆದು ಜೋಡಿ ಕುಣಿತ ಕಲಿಸತೊಡಗಿತು.

"ಎದುರುಬದುರು ನಿಲ್ಲಿ. ಕೈ ಹಿಡಿದುಕೊಳ್ಳಿ. ಒಬ್ಬರು ಮುಂದೆ ಹೆಜ್ಜೆ ಇಟ್ಟಾಗ ಇನ್ನೊಬ್ಬರು ಹಿಂದೆ ಇಡಬೇಕು. ಆಮೇಲೆ ಸುತ್ತಬೇಕು. ಅಷ್ಟೇ!"

ಈಗ ಮದುವೆ ಹಾಲ್‌ಗಳಲ್ಲಿ ಬ್ಯಾಂಡಿನವರು ನುಡಿಸುವ ವಾಲ್ಟ್ಸ್ ಇದೆಯಲ್ಲ, ಅದು ಹುಟ್ಟಿದ್ದು ಹೀಗೆ. ನಿನ್ನ ಅಜ್ಜ ಅದನ್ನು ಕುಣಿಯುವಾಗ ನನ್ನ ಕಾಲು ತುಳಿಯುವುದು ಮಾತ್ರ ಕಡಲು ಕಲಿಸಿದ್ದಲ್ಲ.

ಕೊಕ್ಕರೆಗಳು ಕುಣಿದವು. ಆಮೆಗಳೂ ಕುಣಿದವು. ಅವು ಒಂದು ಸುತ್ತು ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಆ ಮಾತು ಬೇರೆ.

ಇಕ್ಕಳಯ್ಯ, ಚಿಮಟಮ್ಮ ಎಂಬ ಏಡಿ ದಂಪತಿಯೂ ಬಂದರು. ಆಗ ಏಡಿಗಳು ನಮ್ಮ ಹಾಗೆ ನೇರವಾಗಿಯೇ ನಡೆಯುತ್ತಿದ್ದವು. ಇಬ್ಬರೂ ಕೊಂಡಿಗೆ ಕೊಂಡಿ ಸೇರಿಸಿ ನಿಂತರು. ಧೊಪ್! ಇಬ್ಬರೂ ಮುಂದಕ್ಕೇ ಹೆಜ್ಜೆ ಇಟ್ಟರು. ಠಣ್! ಚಿಪ್ಪಿಗೆ ಚಿಪ್ಪು ಬಡಿಯಿತು.

"ನೀನು ಹಿಂದೆ ಹೋಗೇ" ಎಂದ ಇಕ್ಕಳಯ್ಯ.

"ನಾನ್ಯಾಕೆ? ನೀವೇ ಹೋಗಿ."

"ನಮ್ಮ ವಂಶದಲ್ಲಿ ಯಾರೂ ಹಿಂದೆ ಹೆಜ್ಜೆ ಇಟ್ಟವರಲ್ಲ!"

"ನಮ್ಮ ತವರಿನಲ್ಲಿ ಇಟ್ಟಿದ್ದಾರಾ?"

ಧೊಪ್, ಠಣ್, ಠಣ್. ಧೊಪ್, ಠಣ್, ಠಣ್.

ಉಳಿದವರೆಲ್ಲ ಕುಣಿದು ಮನೆಗೆ ಹೋದರು. ಇವರಿಬ್ಬರು ಮಾತ್ರ ಬಯಲು ಮರಳಿನಲ್ಲಿ ಒಬ್ಬರನ್ನೊಬ್ಬರು ತಳ್ಳುತ್ತ ನಿಂತೇ ಇದ್ದರು. ಆಗ ತಲೆಯ ಮೇಲೆ ಹದ್ದು ಸುತ್ತತೊಡಗಿತು. ಬೆಳಗಿನಿಂದ ಅದರ ಹೊಟ್ಟೆ ಖಾಲಿ.

"ಹದ್ದು! ಹದ್ದು! ಯಾರಾದರೊಬ್ಬರು ಹಿಂದೆ ಸರೀರೋ!" ಎಂದು ಕಡಲು ಬಾಯಿ ಬಾಯಿ ಬಡಿದುಕೊಂಡಿತು.

ಇಬ್ಬರೂ ಜಗ್ಗಲಿಲ್ಲ. ಹದ್ದು ಇಳಿಯಿತು. ಅದರ ನೆರಳು ಬಿದ್ದಾಗ ಇಕ್ಕಳಯ್ಯ ಮೇಲೆ ನೋಡಿ ಕೂಗಿದ.

"ನನ್ನ ಕೈ ಬಿಟ್ಟು ಓಡು ಕಣೇ!"

"ನಿಮ್ಮನ್ನ ಬಿಟ್ಟಾ? ಅದಂತೂ ಆಗದ ಮಾತು" ಎಂದಳು ಚಿಮಟಮ್ಮ. ಅವಳ ಕಣ್ಣು ಪಕ್ಕದಲ್ಲಿದ್ದ ಬಿಲದ ಮೇಲೆ ಬಿತ್ತು. "ಹಿಂದೂ ಬೇಡ, ಮುಂದೂ ಬೇಡ. ಪಕ್ಕಕ್ಕೆ ನಡೀರಿ!"

ಹಿಡಿದ ಕೊಂಡಿ ಬಿಡದೆ ಇಬ್ಬರೂ ಪಕ್ಕಕ್ಕೆ ಸರಸರ ಓಡಿ ಬಿಲದೊಳಗೆ ಬಿದ್ದರು. ಹದ್ದಿಗೆ ಸಿಕ್ಕಿದ್ದು ಬಾಯಿ ತುಂಬ ಮರಳು.

ಬಿಲದಲ್ಲಿ ಉಸಿರು ಬಂದ ಮೇಲೆ ಇಕ್ಕಳಯ್ಯ ಮೆಲ್ಲಗೆ ಕೆಮ್ಮಿದ. "ನೋಡಿದೆಯಾ, ನಾನು ಹಿಂದೆ ಹೋಗಲಿಲ್ಲ."

"ನಾನೂ ಹೋಗಲಿಲ್ಲ" ಎಂದಳು ಚಿಮಟಮ್ಮ.

ಇಬ್ಬರೂ ಗೆದ್ದಿದ್ದರು! ಆ ಖುಷಿಗೆ ಅವರು ಮತ್ತೆ ನೇರ ನಡೆಯಲೇ ಇಲ್ಲ. ಮಕ್ಕಳಿಗೂ ಅದನ್ನೇ ಕಲಿಸಿದರು.

ಅದಕ್ಕೇ ಐರಿನ್, ನೀನು ಮರಳಿನ ಮೇಲೆ ಕಾಲಿಟ್ಟ ಕೂಡಲೇ ಏಡಿ ಪಕ್ಕಕ್ಕೆ ಓಡುತ್ತದೆ, ಹಾಗೆ ಓಡುವಾಗಲೂ ಜೊತೆಯವರ ಕೈ ಬಿಟ್ಟಿಲ್ಲ ಎಂಬಂತೆ ಕೊಂಡಿಯನ್ನು ಮುಂದೆ ಚಾಚಿಯೇ ಇರುತ್ತದೆ.