ಇಂದ್ರಾಣಿಯ ಎರಡು ಜೊತೆ ಶೂ

ಆಗ ಹೊಳೆದಂಡೆಯಲ್ಲಿ ಇಷ್ಟೊಂದು ಮನೆಗಳಿರಲಿಲ್ಲ. ಕಾವೇರಿಯ ಮೆಟ್ಟಿಲಿನಿಂದ ನಾಲೆಯ ಏರಿಯವರೆಗೆ ಬರೀ ಮಣ್ಣಿನ ದಾರಿ.

ಆ ದಾರಿಯಲ್ಲಿ ಪುಟ್ಟಮಾದಯ್ಯ ಮೇಷ್ಟ್ರು ಓಟ ಕಲಿಸುತ್ತಿದ್ದರು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಕೊರಳಲ್ಲಿ ಒಂದು ಸ್ಟಾಪ್‌ವಾಚು, ಕಾಲಲ್ಲಿ ಏನೂ ಇಲ್ಲ. ಮಾತು ಬಲು ಕಡಿಮೆ.

ಅವರ ಹತ್ತಿರ ಬರುತ್ತಿದ್ದವರು ಐದಾರು ಹುಡುಗಿಯರು. ಇಂದ್ರಾಣಿ ಮತ್ತು ಚಿಕ್ಕತಾಯಿ ಉಳಿದವರಿಗಿಂತ ಬಹಳ ಮುಂದಿದ್ದರು. ಒಂದು ದಿನ ಇವಳು ಮೊದಲು, ಮರುದಿನ ಅವಳು. ಇಬ್ಬರೂ ಜೀವದ ಗೆಳತಿಯರು. ಆದರೂ ಓಡುವಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಇಂದ್ರಾಣಿಗೆ ಹದಿನೇಳು ತುಂಬಿದ ವರ್ಷ ಅವಳ ಸೋದರಮಾವ ಶೂ ಕೊಡಿಸುತ್ತೇನೆ ಎಂದ. ಅಲ್ಲಿಯವರೆಗೆ ಅವಳು ಓಡಿದ್ದೆಲ್ಲ ಬರಿಗಾಲಲ್ಲಿ. ಬೆಳಗ್ಗೆಯೇ ಮೇಷ್ಟ್ರ ಬಳಿ ಓಡಿಬಂದಳು.

"ಯಾವ ಶೂ ಒಳ್ಳೇದು ಮೇಷ್ಟ್ರೇ?"

"ಯಾರಿಗೆ?"

"ನನಗೇ."

"ಸಂಜೆ ಬಾ."

"ಈಗಲೇ ಹೇಳಿಬಿಡಿ. ಹತ್ತು ಗಂಟೆ ಬಸ್ಸಿಗೆ ಮಾವ ಮೈಸೂರಿಗೆ ಕರ್ಕೊಂಡು ಹೋಗ್ತಾನೆ."

"ನಿನ್ನ ಕಾಲು ಇನ್ನೂ ಎದ್ದಿಲ್ಲ. ದಿನವೆಲ್ಲ ಓಡಾಡಲಿ, ಒಂದಿಷ್ಟು ಊದಿಕೊಳ್ಳಲಿ. ಆಮೇಲೆ ಅದನ್ನೇ ಕೇಳೋಣ."

ಸಂಜೆ ಬಂದಳು. ಮೇಷ್ಟ್ರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು.

"ನೀರಿಗೆ ಇಳಿ."

ಇಳಿದಳು.

"ಹತ್ತಿ ಬಂದು ಆ ಚಪ್ಪಡಿ ಮೇಲೆ ನಡಿ."

ನಡೆದಳು. ಬಿಸಿಲಿಗೆ ಕಾದಿದ್ದ ಕಲ್ಲಿನ ಮೇಲೆ ಒದ್ದೆ ಹೆಜ್ಜೆಗಳು ಮೂಡಿದವು. ಎಡಗಾಲಿನ ಗುರುತು ತುಂಬಿಕೊಂಡಂತಿತ್ತು. ಬಲಗಾಲಿನದು ನಡುವೆ ಸಣ್ಣಗೆ ಸೊರಗಿತ್ತು.

"ಇದೇನು ಮೇಷ್ಟ್ರೇ, ಒಂದೊಂದು ಒಂದೊಂದು ಥರ ಇದೆ!"

"ಹದಿನೇಳು ವರ್ಷದಿಂದ ಇದರ ಮೇಲೇ ನಿಂತಿದ್ದೀಯ. ಇವತ್ತು ನೋಡಿದೆಯಾ?"

ಮೇಷ್ಟ್ರು ಹಳೆಯ ಪೇಪರಿನ ಮೇಲೆ ಅವಳನ್ನು ನಿಲ್ಲಿಸಿ ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದರು. ಬೆರಳುಗಳ ಮುಂದೆ ತಮ್ಮ ಹೆಬ್ಬೆರಳಿನಷ್ಟು ಜಾಗ ಬಿಟ್ಟು ಕತ್ತರಿಸಿದರು.

"ಮುಂದೆ ಯಾಕೆ ಜಾಸ್ತಿ?"

"ಓಡುವಾಗ ಬೆರಳು ಮುಂದಕ್ಕೆ ಬರುತ್ತೆ. ಅದಕ್ಕೂ ಒಂದು ಜಾಗ ಬೇಡವಾ? ಈ ಕಾಗದ ಶೂ ಒಳಗೆ ಇಡು. ಎಲ್ಲಾದರೂ ಮಡಿಚಿಕೊಂಡರೆ ಆ ಶೂ ನಿನ್ನದಲ್ಲ."

ಮರುದಿನ ಮಾವನೂ ಅವಳೂ ಮೈಸೂರಿನ ಅಂಗಡಿಯಲ್ಲಿ ಎಂಟು ಜೊತೆ ತೆಗೆಸಿದರು. ಕಾಗದ ಮಡಿಚಿಕೊಳ್ಳದೆ ಕೂತದ್ದು ಎರಡರಲ್ಲಿ ಮಾತ್ರ.

ಒಂದು ಗೋಣಿಚೀಲದ ಬಣ್ಣದ್ದು. ದಪ್ಪ ಅಟ್ಟೆ, ಎತ್ತಿದರೆ ಕೈಗೆ ಭಾರ. ಇನ್ನೊಂದು ಕೆಂಪು. ಅಟ್ಟೆ ಹಪ್ಪಳದಂತೆ ತೆಳು. ಅಂಗೈ ಮೇಲಿಟ್ಟರೆ ಇಟ್ಟಿದ್ದೇ ಗೊತ್ತಾಗುತ್ತಿರಲಿಲ್ಲ.

ಇಂದ್ರಾಣಿ ಗೋಣಿ ಬಣ್ಣದ್ದರ ಕಡೆ ಮತ್ತೆ ತಿರುಗಿ ನೋಡಲಿಲ್ಲ.

ಊರಿಗೆ ಬಂದ ಮೇಲೆ ಮೇಷ್ಟ್ರು ಆ ಕೆಂಪು ಶೂವನ್ನು ಕೈಗೆ ತೆಗೆದುಕೊಂಡು, ಬಗ್ಗಿಸಿ, ಒಳಗೆ ಕೈ ಹಾಕಿ ನೋಡಿ ವಾಪಸ್ ಕೊಟ್ಟರು.

"ಚೆನ್ನಾಗಿದೆ. ಯಾವತ್ತು ಹಾಕ್ಕೋತೀಯ?"

"ದಿನಾ!"



ಆ ಒಂದು ತಿಂಗಳು ಇಂದ್ರಾಣಿ ಓಡಲಿಲ್ಲ, ಹಾರಿದಳು. ನಾಲೆಯ ಏರಿಯ ಮೇಲೆ ದಿನಾ ಎಂಟು ಮೈಲಿ. ಚಿಕ್ಕತಾಯಿ ಅಣ್ಣನ ಹಳೇ ಕ್ಯಾನ್ವಾಸ್ ಶೂನಲ್ಲಿ ಟಪ್ ಟಪ್ ಎಂದು ಹಿಂದೆ ಬರುತ್ತಿದ್ದಳು. ಆ ಸದ್ದು ದೂರವಾಗುವುದನ್ನು ಕೇಳುತ್ತಾ ಓಡುವುದೇ ಇಂದ್ರಾಣಿಗೆ ಒಂದು ಸುಖ.

ಎರಡನೇ ತಿಂಗಳಲ್ಲಿ ಮೊಣಕಾಲಿನ ಕೆಳಗೆ, ಎಲುಬಿನ ಮೇಲೆ ಒಂದು ನೋವು ಶುರುವಾಯಿತು. ಮೊದಮೊದಲು ಓಡುವಾಗ ಮಾತ್ರ. ಆಮೇಲೆ ಮನೆಯ ಹೊಸ್ತಿಲು ದಾಟುವಾಗಲೂ. ಅವಳು ಯಾರಿಗೂ ಹೇಳಲಿಲ್ಲ.

ಒಂದು ಬೆಳಗ್ಗೆ ಮೇಷ್ಟ್ರು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿದರು. ಎಲುಬಿನುದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತಾ ಬಂದರು. ಒಂದು ಕಡೆ ಮುಟ್ಟಿದ್ದೇ ತಡ, ಇಂದ್ರಾಣಿ ಚೀರಿದಳು.

"ಎಷ್ಟು ದಿನದಿಂದ?"

"ಹದಿನೈದು ದಿನ ಆಯ್ತು."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಲ್ಲಿಸಿಬಿಡ್ತೀರಲ್ಲ."

"ಈಗ ನಾನು ನಿಲ್ಲಿಸಲಿಲ್ಲ. ಅದೇ ನಿಲ್ಲಿಸಿತು."

ಆರು ವಾರ ಓಟವಿಲ್ಲ. ದಿನಾ ಬಂದು ಸೊಂಟದಷ್ಟು ನೀರಿನಲ್ಲಿ ನಡೆಯಬೇಕು. ದಂಡೆಯ ಮೇಲೆ ಚಿಕ್ಕತಾಯಿ ಓಡುವುದನ್ನು ಅವಳು ನೀರಿನೊಳಗೆ ನಿಂತು ನೋಡಿದಳು. ಕಣ್ಣು ತುಂಬಿದಾಗ ಹೊಳೆ ನೀರಿನಲ್ಲೇ ಮುಖ ತೊಳೆದಳು. ಯಾರಿಗೂ ಗೊತ್ತಾಗಲಿಲ್ಲ.

ಆರನೇ ವಾರ ಮೇಷ್ಟ್ರು ಆ ಕಾಗದದ ಪಾದ ಇಸಿದುಕೊಂಡು ಮೈಸೂರಿಗೆ ಹೋದರು. ಸಂಜೆ ಬಸ್ಸಿಳಿದಾಗ ಕಂಕುಳಲ್ಲಿ ಆ ಗೋಣಿ ಬಣ್ಣದ ಶೂ ಇತ್ತು.

"ದಿನಾ ಓಡೋಕೆ ಇದು."

"ಕಲ್ಲು ಕಟ್ಟಿಕೊಂಡಂಗೆ ಇರುತ್ತೆ ಮೇಷ್ಟ್ರೇ. ಇದರಲ್ಲಿ ಓಡಿದ್ರೆ ಯಾರು ಮೊದಲು ಬರ್ತಾರೆ?"

"ದಿನಾ ಓಡೋದು ಯಾರಿಗಿಂತ ಮೊದಲು ಬರೋಕೆ?"

ಅವಳು ಆ ಭಾರದ ಶೂ ಒಳಗೆ ಕಾಲು ತೂರಿಸಿದಳು.

"ಆ ಕೆಂಪಿಂದು ತಂದುಕೊಡು. ನಮ್ಮನೆ ಗೂಟಕ್ಕೆ ನೇತುಹಾಕಿರ್ತೀನಿ."

"ವಾಪಸ್ ಯಾವಾಗ ಕೊಡ್ತೀರ?"

"ನೀನು ಕೇಳೋದು ಬಿಟ್ಟಾಗ."

ಮೊದಲ ವಾರ ದಿನಾ ಕೇಳಿದಳು. ಆಮೇಲೆ ವಾರಕ್ಕೊಮ್ಮೆ. ಸುಗ್ಗಿ ಮುಗಿಯುವ ಹೊತ್ತಿಗೆ ಗೋಣಿ ಬಣ್ಣದ ಶೂ ಅವಳ ಪಾದದ ಆಕಾರಕ್ಕೆ ಬಂದಿತ್ತು. ಹಾಕಿಕೊಂಡಿದ್ದೇನೆ ಎಂಬುದೇ ಅವಳಿಗೆ ಮರೆತುಹೋಗುತ್ತಿತ್ತು. ನೋವು ಎಲ್ಲಿತ್ತು ಎಂದು ಹುಡುಕಿದರೂ ಸಿಗುತ್ತಿರಲಿಲ್ಲ.

ಈಗ ನೆನೆಸಿಕೊಂಡರೆ ಅವೇ ಅವಳ ಬದುಕಿನ ಅತ್ಯಂತ ಒಳ್ಳೆಯ ದಿನಗಳು. ಮಂಜಿನಲ್ಲಿ ನಾಲೆಯ ನೀರು ಹೊಗೆಯಾಡುತ್ತಿತ್ತು. ಪಕ್ಕದಲ್ಲಿ ಚಿಕ್ಕತಾಯಿಯ ಉಸಿರು. ಇನ್ನೂ ಕಾಣದ ತಿರುವಿನಾಚೆಯಿಂದ ಮೇಷ್ಟ್ರ ಸೀಟಿ.

ಹಾಸನದಲ್ಲಿ ರಾಜ್ಯಮಟ್ಟದ ಓಟ ನಿಗದಿಯಾಯಿತು. ಹತ್ತು ಕಿಲೋಮೀಟರ್, ಟಾರು ರಸ್ತೆ. ಮೊದಲ ಇಬ್ಬರು ರಾಜ್ಯದ ತಂಡಕ್ಕೆ. ತಂಡ ಸೇರಿದರೆ ಓದು, ಊಟ, ಮುಂದೆ ಕೆಲಸ, ಎಲ್ಲಕ್ಕೂ ದಾರಿ.

ಹತ್ತು ದಿನ ಮುಂಚೆ ಮೇಷ್ಟ್ರು ಕೆಂಪು ಶೂ ತಂದು ಅವಳ ಮುಂದಿಟ್ಟರು.

"ಇದರಲ್ಲಿ ಎರಡು ದಿನ ಸಣ್ಣಗೆ ಓಡು, ಕಾಲಿಗೆ ನೆನಪಾಗಲಿ. ಪಂದ್ಯದ ದಿನ ಹೊಸದು ಏನೂ ಹಾಕಬಾರದು."

ಹಾಸನಕ್ಕೆ ಅವಳು ಎರಡು ಜೊತೆಯನ್ನೂ ಚೀಲದಲ್ಲಿ ತುಂಬಿಕೊಂಡು ಹೋದಳು.

ಓಟಕ್ಕೆ ಇನ್ನು ಕಾಲು ಗಂಟೆ. ಮೈ ಬಿಸಿ ಮಾಡಿಕೊಳ್ಳಲು ಓಡುತ್ತಿದ್ದ ಚಿಕ್ಕತಾಯಿ ಕುಂಟುತ್ತಾ ಬಂದಳು. ಕ್ಯಾನ್ವಾಸ್ ಶೂವಿನ ಅಟ್ಟೆ ಅರ್ಧಕ್ಕೆ ಕಿತ್ತು ನಾಲಗೆಯಂತೆ ಜೋತಾಡುತ್ತಿತ್ತು.

"ಬರಿಗಾಲಲ್ಲೇ ಓಡ್ತೀನಿ ಬಿಡು" ಎಂದಳು. ರಸ್ತೆಯ ಅಂಚಿನುದ್ದಕ್ಕೂ ಹೊಸ ಜಲ್ಲಿ ಸುರಿದಿದ್ದರು.

ಇಂದ್ರಾಣಿ ಕೆಂಪು ಶೂ ಕಟ್ಟಿಕೊಂಡಾಗಿತ್ತು. ಚೀಲದಲ್ಲಿ ಇನ್ನೊಂದು ಜೊತೆ ಇತ್ತು. ಇಬ್ಬರ ಕಾಲೂ ಹೆಚ್ಚೂಕಡಿಮೆ ಒಂದೇ ಅಳತೆ.

ಒಂದು ಗಳಿಗೆ ಅವಳು ಸುಮ್ಮನೆ ನಿಂತಳು. ಚೀಲದ ಬಾಯಿಯ ಮೇಲೆ ಕೈ ಇತ್ತು.

ಆಮೇಲೆ ಗೋಣಿ ಬಣ್ಣದ ಶೂ ತೆಗೆದು ಚಿಕ್ಕತಾಯಿಯ ಕಾಲ ಬಳಿ ಇಟ್ಟಳು.

"ಹಾಕ್ಕೋ."

ಚಿಕ್ಕತಾಯಿ ಅವಳ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಸ್ವಲ್ಪ ದೂರದಲ್ಲಿ ಮೇಷ್ಟ್ರು ಸ್ಟಾಪ್‌ವಾಚಿಗೆ ಕೀ ಕೊಡುತ್ತಾ ನಿಂತಿದ್ದರು.

ಓಟ ಶುರುವಾಯಿತು. ಇಂದ್ರಾಣಿ ಬಾಣದಂತೆ ಮುಂದಕ್ಕೆ ಹೋದಳು. ಐದು ಕಿಲೋಮೀಟರಿನವರೆಗೆ ಅವಳೇ ಮೊದಲು.

ಅಲ್ಲಿ ಒಮ್ಮೆ ತಿರುಗಿ ನೋಡಿದಳು. ಚಿಕ್ಕತಾಯಿ ಎಲ್ಲಿದ್ದಾಳೆ?

ಏಳರಲ್ಲಿ ಮತ್ತೆ ನೋಡಿದಳು. ಎಂಟರಲ್ಲಿ ಮತ್ತೆ. ಪ್ರತಿ ಸಲ ತಿರುಗಿದಾಗಲೂ ಆ ಗೋಣಿ ಬಣ್ಣ ಒಂದಿಷ್ಟು ಹತ್ತಿರ ಬಂದಿತ್ತು.

ಒಂಬತ್ತರ ಹತ್ತಿರ ಮಂಗಳೂರಿನ ಹುಡುಗಿಯೊಬ್ಬಳು ಅವಳನ್ನು ದಾಟಿದಳು. ಅವಳ ಹಿಂದೆಯೇ ಚಿಕ್ಕತಾಯಿ. ಇಂದ್ರಾಣಿಗೆ ಕಾಲಿತ್ತು, ಉಸಿರಿರಲಿಲ್ಲ. ಮೂರನೆಯವಳಾಗಿ ಗೆರೆ ದಾಟಿ ರಸ್ತೆಯ ಮೇಲೆಯೇ ಕೂತಳು.

ಚಿಕ್ಕತಾಯಿ ಶೂ ಬಿಚ್ಚಿದಾಗ ಹಿಮ್ಮಡಿಯ ಚರ್ಮ ಸುಲಿದು ಕಾಲುಚೀಲ ರಕ್ತದಲ್ಲಿ ನೆಂದಿತ್ತು.

"ಪಂದ್ಯದ ದಿನ ಹೊಸದು ಹಾಕಬಾರದು ಅಂದಿದ್ದೆ" ಎಂದರು ಮೇಷ್ಟ್ರು.

"ಹೊಸದೆಲ್ಲಿ ಮೇಷ್ಟ್ರೇ, ಇಂದ್ರಾಣಿ ಇಷ್ಟು ತಿಂಗಳು ಓಡಿರೋದು!" ಎಂದು ಚಿಕ್ಕತಾಯಿ ಅಳುತ್ತಲೇ ನಕ್ಕಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಇಂದ್ರಾಣಿಯ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಇಂದ್ರಾಣಿ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡಿದಳು.

ಊರಲ್ಲಿ ಸುದ್ದಿ ಹಬ್ಬಿತು. ಅವಳು ಓದಿದ್ದ ಹೈಸ್ಕೂಲಿನಲ್ಲಿ ಪ್ರಾರ್ಥನೆಯಾದ ಮೇಲೆ ಹೆಡ್‌ಮೇಷ್ಟ್ರು ಇಂದ್ರಾಣಿಯನ್ನು ಮುಂದೆ ಕರೆದು ನಿಲ್ಲಿಸಿದರು. ತಾನು ಸೋತು ಗೆಳತಿಯನ್ನು ಗೆಲ್ಲಿಸಿದವಳು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ನೆಲ ನೋಡುತ್ತಾ ನಿಂತಳು. ನಾಚಿಕೆಯ ಹುಡುಗಿ ಎಂದುಕೊಂಡರು.

ವರ್ಷಗಳು ಹೋದವು. ಚಿಕ್ಕತಾಯಿ ರಾಜ್ಯಕ್ಕೆ ಓಡಿದಳು, ಪೊಲೀಸ್ ಇಲಾಖೆ ಸೇರಿದಳು, ಇನ್‌ಸ್ಪೆಕ್ಟರ್ ಆದಳು. ಇಂದ್ರಾಣಿ ನಂಜನಗೂಡಿನ ಕಡೆ ಒಂದು ಶಾಲೆಯಲ್ಲಿ ಡ್ರಿಲ್ ಟೀಚರಾದಳು. ಮಕ್ಕಳ ಪಾದ ಒದ್ದೆ ಮಾಡಿಸಿ, ಪೇಪರಿನ ಮೇಲೆ ನಿಲ್ಲಿಸಿ ಗೆರೆ ಎಳೆಯುವುದು ಅವಳಿಗೂ ರೂಢಿಯಾಯಿತು.

ಹೋದ ವರ್ಷ ಶಾಲೆಯ ಕ್ರೀಡಾ ದಿನಕ್ಕೆ ಚಿಕ್ಕತಾಯಿಯೇ ಮುಖ್ಯ ಅತಿಥಿ. ಸಮವಸ್ತ್ರದಲ್ಲಿ ಬಂದವಳು ಮೈಕಿನ ಮುಂದೆ ಹಾಸನದ ಕಥೆ ಹೇಳಿದಳು.

"ಇವಳು ಆವತ್ತು ಶೂ ಕೊಡದೆ ಇದ್ದಿದ್ದರೆ ನಾನು ಇಲ್ಲಿ ನಿಂತಿರ್ತಿರಲಿಲ್ಲ" ಎಂದು ಎಲ್ಲರೆದುರಿಗೆ ಅವಳನ್ನು ಅಪ್ಪಿಕೊಂಡಳು.

ಆ ಭಾನುವಾರ ಇಂದ್ರಾಣಿ ಬಸ್ಸು ಹತ್ತಿ ಹೊಳೆದಂಡೆಗೆ ಬಂದಳು.

ಮಣ್ಣಿನ ದಾರಿ ಈಗ ಕಾಂಕ್ರೀಟು. ಮೇಷ್ಟ್ರಿಗೆ ಎಂಬತ್ತೆಂಟು. ಕಣ್ಣು ಮಂಜಾಗಿತ್ತು. ಮೆಟ್ಟಿಲ ಮೇಲೆ ಕಾಲು ನೀರಿಗಿಳಿಬಿಟ್ಟು ಕೂತಿದ್ದರು. ಹೆಜ್ಜೆಯ ಸದ್ದಿಗೇ ಗುರುತು ಹಿಡಿದರು.

"ಇಂದ್ರಾಣಿ. ಬಲಗಾಲು ಇನ್ನೂ ಜೋರಾಗಿಡ್ತೀಯ."

ಅವಳು ಒಂದು ಮೆಟ್ಟಿಲು ಕೆಳಗೆ ಕೂತಳು.

"ಮೇಷ್ಟ್ರೇ, ಹಾಸನದಲ್ಲಿ ನಾನು ಒಳ್ಳೆ ಮನಸ್ಸಿಂದ ಕೊಡಲಿಲ್ಲ."

ಮೇಷ್ಟ್ರು ಹೊಳೆಯ ಕಡೆ ಮುಖ ಮಾಡಿಯೇ ಇದ್ದರು.

"ಬರಿಗಾಲಲ್ಲಿ ಅವಳು ನನಗಿಂತ ಜೋರು. ಚಿಕ್ಕಂದಿನಿಂದ ನೋಡಿದ್ದೆ. ಆ ಭಾರದ ಶೂ ಹಾಕ್ಕೊಂಡ್ರೆ ಹಿಂದೆ ಉಳೀತಾಳೆ ಅಂತ ಕೊಟ್ಟೆ. ಇಪ್ಪತ್ತೇಳು ವರ್ಷದಿಂದ ಎಲ್ಲರೂ ಹೊಗಳ್ತಿದ್ದಾರೆ. ಅವಳೂ ಹೊಗಳ್ತಾಳೆ."

"ಹೂಂ."

"ನಿಮಗೆ ಗೊತ್ತಿತ್ತಾ?"

"ನಿನ್ನ ಕೈ ಚೀಲದ ಮೇಲೆ ಎಷ್ಟು ಹೊತ್ತು ಇತ್ತು ಅಂತ ನೋಡಿದ್ದೆ. ನನ್ನ ಕೈಯಲ್ಲಿ ಗಡಿಯಾರ ಇತ್ತಲ್ಲ."

"ಮತ್ತೆ ಯಾಕೆ ಬೈಯಲಿಲ್ಲ?"

"ಕೊನೆಗೆ ಕೊಟ್ಟೆಯಲ್ಲ."

"ಆದರೆ ನನ್ನ ಮನಸ್ಸು, ಮೇಷ್ಟ್ರೇ? ಈಗಲಾದರೂ ಅವಳಿಗೆ ಹೇಳಿಬಿಡಲಾ?"

ಮೇಷ್ಟ್ರು ಕೈಯನ್ನು ಅವಳ ತಲೆಯ ಮೇಲಿಟ್ಟರು.

"ಹೇಳಬೇಕು ಅನ್ನಿಸಿದರೆ ಹೇಳು. ಆದರೆ ನಿನ್ನ ಮನಸ್ಸು ಆವತ್ತೂ ನಿನ್ನ ಹತ್ತಿರವೇ ಉಳೀತು ಕಣಮ್ಮ. ಅವಳಿಗೆ ಹೋಗಿದ್ದು ಶೂ ಮಾತ್ರ."